ಮೂಲ ಮತ್ತು ಪ್ರತಿ: ಗಣಕಜಾಲದಲ್ಲಿ ಕಡತಗಳ ನಕಲು ಹಾಗೂ ಅದರ ದೋಷಶೋಧನೆ

ಓಲೆಗರಿಗಳ ಕಾಲದಲ್ಲಿ ಒಂದು ಗ್ರಂಥದಿಂದ ಮತ್ತೊಂದು ಗ್ರಂಥವು ಹುಟ್ಟಬೇಕಾದರೆ ಪ್ರತಿಕಾರನು ಕಂಟವನ್ನು ಹಿಡಿದು ದಿನಗಟ್ಟಲೆ ಕುಳಿತಿರಬೇಕಾಗಿತ್ತು. ಒಂದೇ ಪದದಿಂದ ಆರಂಭವಾಗುವ ಎರಡು ಸಾಲುಗಳು ಹತ್ತಿರ ಹತ್ತಿರ ಬಂದಾಗ ಅವನ ಕಣ್ಣು ಮೊದಲನೆಯದರಿಂದ ಎರಡನೆಯದಕ್ಕೆ ಹಾರಿ, ನಡುವಿನದೆಲ್ಲ ಬಿಟ್ಟುಹೋಗುತ್ತಿತ್ತು. ಪಕಾರವು ವಕಾರವಾಗುತ್ತಿತ್ತು. ಬರೆದ ಸಾಲನ್ನೇ ಮತ್ತೊಮ್ಮೆ ಬರೆಯುವುದೂ ಉಂಟು. ಗ್ರಂಥಸಂಪಾದನೆಯ ಪರಿಶ್ರಮವುಳ್ಳ ಅಧ್ಯಾಪಕರಿಗೆ ಇವೆಲ್ಲ ಹೊಸ ಮಾತಲ್ಲ. ಇಂತಹ ಸ್ಖಾಲಿತ್ಯಗಳನ್ನು ಬಲ್ಲ ಹಿಂದಿನವರು ಅದಕ್ಕೊಂದು ಉಪಾಯವನ್ನೂ ಇಟ್ಟುಕೊಂಡಿದ್ದರು. ಮೂವತ್ತೆರಡು ಅಕ್ಷರಗಳಿಗೆ ಒಂದು ‘ಗ್ರಂಥ’ವೆಂದು ಅಳತೆ ಹಿಡಿದು, ಕೃತಿಯ ಕೊನೆಯಲ್ಲಿ ಅದರ ಒಟ್ಟು ಗ್ರಂಥಸಂಖ್ಯೆಯನ್ನು ನಮೂದಿಸುವ ರೂಢಿಯಿತ್ತು. ಪ್ರತಿಯ ಲೆಕ್ಕವು ಮೂಲದ ಲೆಕ್ಕಕ್ಕೆ ಹೊಂದದಿದ್ದರೆ ಎಲ್ಲಿಯೋ ಏನೋ ಬಿಟ್ಟುಹೋಗಿದೆಯೆಂದು ತಿಳಿಯುತ್ತಿತ್ತು. ಹೊಂದಿದರೆ ಮಾತ್ರ ಪ್ರತಿಯು ಶುದ್ಧವೆಂದು ನಿಶ್ಚಯವಾಗುತ್ತಿರಲಿಲ್ಲ. ಅಕ್ಷರಗಳ ಸಂಖ್ಯೆ ಅಷ್ಟೇ ಇದ್ದು, ಅಕ್ಷರಗಳೇ ಬೇರೆಯಾಗಿರಬಹುದಲ್ಲವೆ?

ಇಂದು ಗಣಕಯಂತ್ರವೇ ಪ್ರತಿಕಾರ. ಶಾಲೆಯ ಕಚೇರಿಯಲ್ಲಿ, ಗ್ರಂಥಾಲಯದಲ್ಲಿ, ಪ್ರಯೋಗಶಾಲೆಯಲ್ಲಿ ಮಾಡಿದ ಕೆಲಸವೆಲ್ಲ ಜಾಲದ ಮೂಲಕ ಸರ್ವರ್ ಎಂಬ ನಡುಮನೆಯ ಯಂತ್ರಕ್ಕೆ ನಕಲಾಗಿ ಹೋಗುತ್ತದೆ. ‘ಕಾಪಿ’ ಎಂಬ ಪದಕ್ಕೆ ಶಾಲೆಗಳಲ್ಲಿ ಒಳ್ಳೆಯ ಹೆಸರಿಲ್ಲವಾದರೂ, ಈ ಒಂದು ಕಾಪಿಯನ್ನು ಮಾಡದೆ ಇಂದು ಯಾವ ಸಂಸ್ಥೆಯೂ ನಡೆಯಲಾರದು. ಆ ನಕಲು ತಪ್ಪಿದಾಗ ಏನನ್ನು ನೋಡಬೇಕು, ಯಾವ ಕ್ರಮದಲ್ಲಿ ನೋಡಬೇಕು, ತಪ್ಪಿಲ್ಲವೆಂದು ತೋರಿದಾಗಲೂ ಏಕೆ ನೋಡಬೇಕು ಎಂಬುದನ್ನು ನನಗೆ ತಿಳಿದಮಟ್ಟಿಗೆ ಇಲ್ಲಿ ನಿರೂಪಿಸುತ್ತೇನೆ.

ಈ ವಿಷಯದಲ್ಲಿ ನನಗೆ ಆಸಕ್ತಿ ಹುಟ್ಟಿದ್ದು ಓದಿನಿಂದಲ್ಲ, ಒಂದು ತಪ್ಪಿನಿಂದ. ಹಿಂದೆ ನಾನು ಮೇಲ್ವಿಚಾರಣೆ ವಹಿಸಿಕೊಂಡಿದ್ದ ಒಂದು ಕಚೇರಿಯಲ್ಲಿ ಹಳೆಯ ದಾಖಲಾತಿ ಪುಸ್ತಕಗಳನ್ನು ಪುಟಪುಟವಾಗಿ ಸ್ಕ್ಯಾನ್ ಮಾಡಿ ಸರ್ವರಿನಲ್ಲಿ ಇಡಿಸಿದೆವು. ಒಂದು ಪುಸ್ತಕಕ್ಕೆ ಗೆದ್ದಲು ಹಿಡಿದಿತ್ತು. ಚಿತ್ರವಾಯಿತಲ್ಲ ಎಂಬ ಧೈರ್ಯದಿಂದ ಅದನ್ನು ವಿಲೇವಾರಿ ಮಾಡಲು ಒಪ್ಪಿಗೆ ಕೊಟ್ಟವನು ನಾನೇ. ಶಾಲೆಯೊಂದರ ದಾಖಲಾತಿ ಪುಸ್ತಕವನ್ನು ಶಾಶ್ವತ ದಾಖಲೆಯೆಂದು ಏಕೆ ಕರೆಯುತ್ತಾರೆಂಬುದು ಎರಡು ವರ್ಷಗಳ ತರುವಾಯ ನನಗೆ ಅರ್ಥವಾಯಿತು. ನಿವೃತ್ತಿಯ ಅಂಚಿನಲ್ಲಿದ್ದ ಒಬ್ಬ ಹಳೆಯ ವಿದ್ಯಾರ್ಥಿ, ಪಿಂಚಣಿಯ ಕಾಗದಗಳಿಗಾಗಿ ತನ್ನ ಜನ್ಮದಿನಾಂಕದ ದೃಢೀಕರಣ ಕೇಳಿಕೊಂಡು ಬಂದರು. ಅವರ ಹೆಸರಿದ್ದ ಪುಟವನ್ನು ತೆರೆದೆವು. ಮೇಲಿನ ಅರ್ಧದಲ್ಲಿ ಮಸಿಯ ಅಕ್ಷರಗಳು ಸ್ಪಷ್ಟವಾಗಿದ್ದವು. ಕೆಳಗಿನ ಅರ್ಧವೆಲ್ಲ ಬೂದುಬಣ್ಣದ ಒಂದೇ ಪಟ್ಟಿ. ಅವರ ಹೆಸರು ಕೆಳಗಿನ ಅರ್ಧದಲ್ಲಿತ್ತು.

ಆ ಕಡತದ ಹೆಸರು ಸರಿಯಾಗಿತ್ತು, ಗಾತ್ರ ಸರಿಯಾಗಿತ್ತು, ಫೋಲ್ಡರಿನಲ್ಲಿದ್ದ ಕಡತಗಳ ಒಟ್ಟು ಸಂಖ್ಯೆಯೂ ಸರಿಯಾಗಿತ್ತು. ಓಲೆಗರಿಯ ಭಾಷೆಯಲ್ಲಿ ಹೇಳುವುದಾದರೆ ಗ್ರಂಥಸಂಖ್ಯೆ ಹೊಂದಿತ್ತು, ಗ್ರಂಥವೇ ಇರಲಿಲ್ಲ. ಇದು ಹೇಗಾಯಿತೆಂಬುದಕ್ಕೆ ಮುಂದೆ ಬರುತ್ತೇನೆ. ಅದಕ್ಕೆ ಮೊದಲು ನಕಲಿನ ದಾರಿಯನ್ನು ತಿಳಿಯಬೇಕು.

ಒಂದು ಕಡತವು ಮೇಜಿನ ಮೇಲಿನ ಯಂತ್ರದಿಂದ ಸರ್ವರಿಗೆ ಹೋಗುವಾಗ ಮೊದಲು ಡಿಸ್ಕಿನಿಂದ ಸ್ಮೃತಿಗೆ ಬರುತ್ತದೆ. ಅಲ್ಲಿ ತುಂಡುತುಂಡಾಗಿ ಕತ್ತರಿಸಲ್ಪಟ್ಟು ಜಾಲಪತ್ರದ ಮೂಲಕ ತಂತಿಗೆ ಇಳಿಯುತ್ತದೆ, ಸ್ವಿಚ್ಚನ್ನು ದಾಟಿ ಸರ್ವರಿನ ಸ್ಮೃತಿಯಲ್ಲಿ ಮತ್ತೆ ಜೋಡಣೆಗೊಂಡು ಅಲ್ಲಿನ ಡಿಸ್ಕಿಗೆ ಇಳಿಯುತ್ತದೆ. ಎರಡು ಯಂತ್ರಗಳು ಪರಸ್ಪರ ಮಾತನಾಡಲು ಒಂದು ಒಪ್ಪಂದದ ಭಾಷೆ ಬೇಕು. ವಿಂಡೋಸ್ ಯಂತ್ರಗಳು ಬಳಸುವ ಭಾಷೆಗೆ ಎಸ್‌ಎಂಬಿ ಎಂದು ಹೆಸರು. 1980ರ ದಶಕದಲ್ಲಿ ಐಬಿಎಂ ಸಂಸ್ಥೆಯಲ್ಲಿ ಬ್ಯಾರಿ ಫೈಗೆನ್‌ಬಾಮ್ ಅವರು ರೂಪಿಸಿದ ಈ ಭಾಷೆಯನ್ನು ಮೈಕ್ರೋಸಾಫ್ಟ್ ಮುಂದೆ ಬೆಳೆಸಿತು. ಆಸ್ಟ್ರೇಲಿಯದ ಕ್ಯಾನ್‌ಬೆರಾದಲ್ಲಿ ಸಂಶೋಧನ ವಿದ್ಯಾರ್ಥಿಯಾಗಿದ್ದ ಆಂಡ್ರೂ ಟ್ರಿಜೆಲ್ 1990ರ ದಶಕದ ಆರಂಭದಲ್ಲಿ ಯುನಿಕ್ಸ್ ಯಂತ್ರಕ್ಕೂ ಅದೇ ಭಾಷೆಯನ್ನು ಕಲಿಸಿದರು. ಅದರ ಫಲವೇ ‘ಸಾಂಬಾ’. ಶಾಲೆಗಳಲ್ಲಿ ಇಟ್ಟುಕೊಳ್ಳುವ ಸಣ್ಣ ಸಂಗ್ರಹಯಂತ್ರಗಳಲ್ಲಿ ಬಹುಪಾಲು ಒಳಗೆ ಲಿನಕ್ಸ್ ಮತ್ತು ಸಾಂಬಾಗಳನ್ನೇ ಹೊಂದಿರುತ್ತವೆ. ಹೀಗೆ ಒಂದು ದಡದಲ್ಲಿ ವಿಂಡೋಸ್, ಇನ್ನೊಂದು ದಡದಲ್ಲಿ ಲಿನಕ್ಸ್ ಇರುವುದರಿಂದಲೇ ಕೆಲವು ವಿಚಿತ್ರ ತೊಡಕುಗಳು ಹುಟ್ಟುತ್ತವೆ.

ನಕಲು ನಿಂತುಹೋಗಿ ಯಂತ್ರವು ಒಂದು ಸಂಖ್ಯೆಯನ್ನು ತೋರಿಸಿದಾಗ ಬಹುತೇಕರು ಕಿಟಕಿಯನ್ನು ಮುಚ್ಚಿ ಮತ್ತೆ ಪ್ರಯತ್ನಿಸುತ್ತಾರೆ. ಆ ಸಂಖ್ಯೆಯನ್ನು ಬರೆದುಕೊಳ್ಳುವುದೇ ಚಿಕಿತ್ಸೆಯ ಮೊದಲ ಹೆಜ್ಜೆಯೆಂದು ನಾನು ಒತ್ತಿ ಹೇಳುತ್ತೇನೆ. 80070040 ಎಂಬಂತಹ ಉದ್ದ ಸಂಖ್ಯೆಯಲ್ಲಿ ಕೊನೆಯ ಎರಡು ಅಂಕಿಗಳನ್ನು ಷೋಡಶಮಾನದಲ್ಲಿ ಓದಬೇಕು. 40 ಎಂದರೆ ನಮ್ಮ ದಶಮಾನದ 64. ಸರ್ವರಿನೊಡನೆ ಇದ್ದ ಸಂಪರ್ಕವು ನಡುವೆ ಕಡಿದುಹೋಯಿತೆಂದು ಅದರ ಅರ್ಥ. 35 ಎಂದರೆ 53; ಸರ್ವರಿನ ದಾರಿಯೇ ಸಿಗಲಿಲ್ಲ, ಹೆಸರಿನಲ್ಲಿ ತಪ್ಪಿರಬಹುದು ಅಥವಾ ಸರ್ವರ್ ನಿದ್ರಿಸುತ್ತಿರಬಹುದು. 79 ಎಂದರೆ 121. ಉತ್ತರಕ್ಕಾಗಿ ಕಾದ ಅವಧಿ ಮೀರಿತು. 70 ಎಂದರೆ 112. ಆ ಕಡೆ ಸ್ಥಳವಿಲ್ಲ. 05 ಎಂದರೆ ಐದೇ, ಅನುಮತಿಯಿಲ್ಲ. ‘ಆಗಲಿಲ್ಲ’ ಎಂಬ ಒಂದೇ ಮಾತಿನೊಳಗೆ ತಂತಿಯ ದೋಷ, ಹೆಸರಿನ ದೋಷ, ಸ್ಥಳದ ಕೊರತೆ, ಅಧಿಕಾರದ ಕೊರತೆ ಎಲ್ಲವೂ ಅಡಗಿರುತ್ತವೆ. ವೈದ್ಯನ ಬಳಿಗೆ ಹೋದವನು ‘ನೋವು’ ಎಂದಷ್ಟೇ ಹೇಳಿ ಎಲ್ಲಿ ಎಂಬುದನ್ನು ಹೇಳದಿದ್ದರೆ ಹೇಗೋ ಇದೂ ಹಾಗೆಯೇ.

ಎರಡನೆಯ ಹೆಜ್ಜೆ ವಿಭಜನೆ. ಅದೇ ಕಡತವನ್ನು ಅದೇ ಯಂತ್ರದ ಇನ್ನೊಂದು ಡಿಸ್ಕಿಗೆ ನಕಲು ಮಾಡಿ ನೋಡಬೇಕು. ಅಲ್ಲಿಯೂ ತಪ್ಪಿದರೆ ಜಾಲವನ್ನು ದೂಷಿಸುವುದು ವ್ಯರ್ಥ. ಮೂಲದ ಡಿಸ್ಕೇ ಸೋತಿದೆ. ಅಲ್ಲಿ ಸರಿಹೋದರೆ, ಮತ್ತೊಂದು ಯಂತ್ರದಿಂದ ಅದೇ ಸರ್ವರಿಗೆ ಕಳುಹಿಸಬೇಕು. ಅದೂ ತಪ್ಪಿದರೆ ದೋಷ ಸರ್ವರಿನದು ಅಥವಾ ಇಬ್ಬರಿಗೂ ಸಮಾನವಾದ ದಾರಿಯದು. ತಪ್ಪದಿದ್ದರೆ ಮೊದಲ ಯಂತ್ರದ್ದು ಅಥವಾ ಅದರ ತಂತಿಯದು. ಅನಂತರ ಒಂದು ದೊಡ್ಡ ಕಡತ ಮತ್ತು ಸಾವಿರ ಚಿಕ್ಕ ಕಡತಗಳನ್ನು ಬೇರೆಬೇರೆಯಾಗಿ ಕಳುಹಿಸಿ ನೋಡಬೇಕು. ಪ್ರತಿಯೊಂದು ಪರೀಕ್ಷೆಯಲ್ಲಿಯೂ ಒಂದು ಅಂಶವನ್ನು ಮಾತ್ರ ಬದಲಾಯಿಸತಕ್ಕದ್ದು. ವಿಜ್ಞಾನದ ಅಧ್ಯಾಪಕರು ಎಂಟನೆಯ ತರಗತಿಯ ಮಕ್ಕಳಿಗೆ ನಿತ್ಯ ಹೇಳುವ ಈ ನಿಯಮವನ್ನು, ತಂತಿಯನ್ನೂ ಸ್ವಿಚ್ಚನ್ನೂ ಒಟ್ಟಿಗೆ ಬದಲಾಯಿಸಿ ‘ಸರಿಹೋಯಿತು’ ಎಂದು ಹೊರಟುಹೋಗುವ ದುರಸ್ತಿಯವರು ಮರೆಯುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಸರಿಯೇನೋ ಹೋಯಿತು, ಯಾವುದರಿಂದ ಎಂಬುದು ತಿಳಿಯಲಿಲ್ಲ. ಮುಂದಿನ ತಿಂಗಳು ಅದೇ ಕಥೆ.

ತಂತಿಯ ವಿಷಯದಲ್ಲಿ ವೇಗವೇ ಒಳ್ಳೆಯ ಸಾಕ್ಷಿ. ಗಿಗಾಬಿಟ್ ಜಾಲವು ಸೆಕೆಂಡಿಗೆ 125 ಮೆಗಾಬೈಟ್‌ಗಳನ್ನು ತಾತ್ವಿಕವಾಗಿ ಸಾಗಿಸಬಲ್ಲದು. ದೊಡ್ಡ ಕಡತವೊಂದನ್ನು ಕಳುಹಿಸುವಾಗ 110ರ ಆಸುಪಾಸು ಕಂಡರೆ ಅದು ಆರೋಗ್ಯದ ಲಕ್ಷಣ. ಎಷ್ಟು ಹೊತ್ತು ಕಾದರೂ ಲೆಕ್ಕವು 11ರಲ್ಲಿಯೇ ನಿಂತಿದ್ದರೆ, ಎರಡು ಯಂತ್ರಗಳೂ ಗಿಗಾಬಿಟ್ಟಿನವಾಗಿದ್ದರೂ ನಡುವಿನ ಸಂಪರ್ಕವು ನೂರು ಮೆಗಾಬಿಟ್ಟಿಗೆ ಇಳಿದಿದೆಯೆಂದು ತಿಳಿಯಬೇಕು. ಗಿಗಾಬಿಟ್ ಸಂಚಾರಕ್ಕೆ ತಂತಿಯೊಳಗಿನ ನಾಲ್ಕು ಜೋಡಿ ಎಳೆಗಳೂ ಬೇಕು, ನೂರಕ್ಕೆ ಎರಡು ಜೋಡಿ ಸಾಕು. ಮೇಜಿನ ಕಾಲಿಗೆ ಸಿಕ್ಕಿ ಒಂದು ಎಳೆ ಕಡಿದಿದ್ದರೂ ಜಾಲವು ನಿಲ್ಲದೆ ಕುಂಟುತ್ತಾ ನಡೆಯುತ್ತಿರುತ್ತದೆ. ತಾಮ್ರದ ತಂತಿಯ ಉದ್ದವು ನೂರು ಮೀಟರನ್ನು ಮೀರಬಾರದೆಂಬ ಮಿತಿಯೂ ಇದೆ. ಹೊಸ ಕಟ್ಟಡದಿಂದ ಹಳೆಯ ಕಟ್ಟಡಕ್ಕೆ ಮೈದಾನದ ಮೇಲೆ ತಂತಿ ಎಳೆಯುವವರು ಇದನ್ನು ಗಮನಿಸುವುದು ಕಡಿಮೆ.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ತೊಡಕುಂಟು. ಚಿಕ್ಕ ಕಡತಗಳು ಸರಾಗವಾಗಿ ಹೋಗುತ್ತವೆ, ಸರ್ವರ್ ಕರೆಗೆ ಓಗೊಡುತ್ತದೆ, ಆದರೆ ದೊಡ್ಡ ಕಡತವನ್ನು ಕಳುಹಿಸಿದೊಡನೆ ಎಲ್ಲವೂ ಸ್ತಬ್ಧವಾಗುತ್ತದೆ. ಈಥರ್ನೆಟ್ಟಿನ ಸಾಮಾನ್ಯ ಮೂಟೆಯ ಗಾತ್ರ 1500 ಬೈಟ್. ವೇಗ ಹೆಚ್ಚಲೆಂದು ಯಾರಾದರೂ ಸರ್ವರಿನಲ್ಲಿ ಅದನ್ನು 9000ಕ್ಕೆ ಏರಿಸಿ, ನಡುವಿನ ಸ್ವಿಚ್ಚನ್ನು ಹಾಗೆಯೇ ಬಿಟ್ಟಿದ್ದರೆ, ದೊಡ್ಡ ಮೂಟೆಗಳು ನಡುದಾರಿಯಲ್ಲಿ ಮೌನವಾಗಿ ಬಿದ್ದುಹೋಗುತ್ತವೆ. ಒಡೆಯಬಾರದೆಂಬ ನಿರ್ಬಂಧ ಹಾಕಿ 1472 ಬೈಟುಗಳ ‘ಪಿಂಗ್’ ಒಂದನ್ನು ಕಳುಹಿಸಿದರೆ, ಅದಕ್ಕೆ 28 ಬೈಟುಗಳ ತಲೆಬರಹ ಸೇರಿ ಸರಿಯಾಗಿ 1500 ಆಗುತ್ತದೆ. ಅದು ಹೋಗಿ ಬಂದು, ಅದಕ್ಕಿಂತ ದೊಡ್ಡದು ಮರಳದಿದ್ದರೆ ಎರಡು ತುದಿಗಳನ್ನೂ 1500ಕ್ಕೆ ತರುವುದೇ ಲೇಸು. ಶಾಲೆಯಂತಹ ಸಣ್ಣ ಜಾಲದಲ್ಲಿ 9000ದ ಲಾಭ ಅತ್ಯಲ್ಪ.

ಇನ್ನು ಹೆಸರುಗಳ ವಿಷಯ. ಕನ್ನಡದಲ್ಲಿ ಕಡತಗಳಿಗೆ ಹೆಸರಿಡುವ ನಮಗೆ ಇದು ವಿಶೇಷವಾಗಿ ಸಂಬಂಧಿಸಿದ್ದು. ಇಂಗ್ಲಿಷಿನಲ್ಲಿ ಬರೆದ ಕೈಪಿಡಿಗಳು ಇದನ್ನು ಹೇಳುವುದಿಲ್ಲವಾದ್ದರಿಂದ ಸ್ವಲ್ಪ ವಿಸ್ತರಿಸುತ್ತೇನೆ. ‘ವಾರ್ಷಿಕೋತ್ಸವ’ ಎಂಬ ಪದದಲ್ಲಿ ನಮ್ಮ ಕಣ್ಣಿಗೆ ಐದು ಅಕ್ಷರಗಳಿವೆ. ಯೂನಿಕೋಡ್ ಪದ್ಧತಿಯಲ್ಲಿ ವ್ಯಂಜನ, ಸ್ವರಚಿಹ್ನೆ, ಹಲಂತಗಳನ್ನು ಪ್ರತ್ಯೇಕವಾಗಿ ಎಣಿಸುವುದರಿಂದ ಅದು ಹನ್ನೆರಡು ಸಂಕೇತಗಳಾಗುತ್ತದೆ. ಲಿನಕ್ಸ್ ಸರ್ವರಿನಲ್ಲಿ ಪ್ರತಿ ಕನ್ನಡ ಸಂಕೇತಕ್ಕೂ ಮೂರು ಬೈಟ್ ಬೇಕು. ಅಂದರೆ ಐದಕ್ಷರದ ಪದಕ್ಕೆ ಮೂವತ್ತಾರು ಬೈಟ್. ವಿಂಡೋಸಿನ ಡಿಸ್ಕು ಒಂದು ಹೆಸರಿಗೆ 255 ಸಂಕೇತಗಳವರೆಗೆ ಅವಕಾಶ ಕೊಡುತ್ತದೆ. ಲಿನಕ್ಸಿನ ಸಾಮಾನ್ಯ ಕಡತವ್ಯವಸ್ಥೆಯೂ 255 ಎಂದೇ ಹೇಳುತ್ತದೆ. ಆದರೆ ಅದು ಎಣಿಸುವುದು ಬೈಟುಗಳನ್ನು. ಆದಕಾರಣ ಕನ್ನಡದ ಹೆಸರಿಗೆ ಅಲ್ಲಿ ದೊರೆಯುವುದು 85 ಸಂಕೇತಗಳ ಜಾಗ ಮಾತ್ರ. ಇಂಗ್ಲಿಷ್ ಹೆಸರುಗಳೆಲ್ಲ ಸುಗಮವಾಗಿ ದಾಟಿ, ಸಭೆಯ ಪೂರ್ಣ ವಿವರವನ್ನೇ ಹೆಸರಾಗಿ ಹೊತ್ತ ಕನ್ನಡದ ಕಡತಗಳು ಮಾತ್ರ ಏಕೆ ನಿರಾಕೃತವಾಗುತ್ತವೆ ಎಂಬ ಗೂಢಕ್ಕೆ ಇದೇ ಉತ್ತರ. ಇದರ ಮೇಲೆ ವಿಂಡೋಸಿನಲ್ಲಿ ಫೋಲ್ಡರುಗಳ ದಾರಿಯೆಲ್ಲ ಸೇರಿ 260 ಸಂಕೇತಗಳನ್ನು ಮೀರಬಾರದೆಂಬ ಹಳೆಯ ನಿಯಮವೊಂದಿದ್ದು, ಎಷ್ಟೋ ತಂತ್ರಾಂಶಗಳು ಈಗಲೂ ಅದಕ್ಕೆ ಕಟ್ಟುಬಿದ್ದಿವೆ. ಫೋಲ್ಡರಿನೊಳಗೆ ಫೋಲ್ಡರು, ಅದರೊಳಗೆ ಮತ್ತೊಂದು ಎಂದು ಏಳು ಸುತ್ತಿನ ಕೋಟೆ ಕಟ್ಟುವವರಿಗೆ ಈ ಮಿತಿ ಬೇಗ ಎದುರಾಗುತ್ತದೆ.

‘ಕೋಶ’ ಎಂಬ ಚಿಕ್ಕ ಹೆಸರೂ ತೊಂದರೆ ಕೊಡಬಲ್ಲದು. ಇದರಲ್ಲಿಯ ಓತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು. ಎತ್ವ, ಕೊಂಬಿನ ದೀರ್ಘ, ದೀರ್ಘಚಿಹ್ನೆ ಎಂಬ ಮೂರು ಸಂಕೇತಗಳ ಜೋಡಣೆಯಾಗಿಯೂ ಬರೆಯಬಹುದು. ಯೂನಿಕೋಡ್ ಎರಡನ್ನೂ ಸಮಾನವೆಂದೇ ಸಾರುತ್ತದೆ. ವಿಂಡೋಸಿನ ಕೀಲಿಮಣೆ ಸಾಮಾನ್ಯವಾಗಿ ಮೊದಲನೆಯದನ್ನು ಕೊಡುತ್ತದೆ. ಹಳೆಯ ಮ್ಯಾಕಿಂಟಾಷ್ ಡಿಸ್ಕುಗಳು ಹೆಸರನ್ನು ಬಿಡಿಸಿ ಎರಡನೆಯ ರೂಪದಲ್ಲಿ ಇಡುತ್ತಿದ್ದವು. ಎರಡೂ ಲಿನಕ್ಸ್ ಸರ್ವರಿಗೆ ಬಂದಾಗ, ಬೈಟುಗಳನ್ನು ಮಾತ್ರ ನೋಡುವ ಆ ಯಂತ್ರಕ್ಕೆ ಅವು ಎರಡು ಬೇರೆ ಹೆಸರುಗಳು. ಒಂದೇ ಫೋಲ್ಡರಿನಲ್ಲಿ ‘ಕೋಶ’ ಎಂಬ ಹೆಸರಿನ ಎರಡು ಕಡತಗಳು ಅಕ್ಕಪಕ್ಕದಲ್ಲಿ ಕುಳಿತಿರುವುದನ್ನು ಕಂಡು ನಾನು ಮೊದಲು ನನ್ನ ಕನ್ನಡಕವನ್ನು ಒರೆಸಿಕೊಂಡದ್ದುಂಟು. ‘ಕೀ’, ‘ಕೇ’, ‘ಕೈ’, ‘ಕೊ’ ಮೊದಲಾದವುಗಳಿಗೂ ಇದೇ ಗತಿ. ಒತ್ತಕ್ಷರವನ್ನು ತಡೆಯಲು ಬಳಸುವ ಕಣ್ಣಿಗೆ ಕಾಣದ ಸಂಕೇತವು ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದಿದ್ದರೂ ಹೀಗೆಯೇ ಆಗುತ್ತದೆ. ದಾಖಲೆಯ ಕಡತಗಳಿಗೆ ವರ್ಷ, ಪುಸ್ತಕ, ಪುಟಗಳ ಅಂಕಿಗಳನ್ನೇ ಹೆಸರಾಗಿಟ್ಟು, ಕನ್ನಡದ ಪೂರ್ಣ ಶೀರ್ಷಿಕೆಯನ್ನು ಒಂದು ಸೂಚಿಯಲ್ಲಿ ಬರೆದಿಡುವುದು ನನ್ನ ಪದ್ಧತಿ. ಇದು ಭಾಷಾಭಿಮಾನಕ್ಕೆ ಕುಂದೆಂದು ಕೆಲವು ಮಿತ್ರರು ಆಕ್ಷೇಪಿಸಿದ್ದಾರೆ. ಪುಟ ಉಳಿದರೆ ತಾನೆ ಅದರ ಮೇಲಿನ ಕನ್ನಡ ಉಳಿಯುವುದು?

ದಿನಾಂಕವನ್ನು ಓರೆಗೆರೆ ಹಾಕಿ ಬರೆಯುವಂತಿಲ್ಲ, ಪ್ರಶ್ನಾರ್ಥಕ, ನಕ್ಷತ್ರ, ವಿವರಣ ಚಿಹ್ನೆಗಳನ್ನು ವಿಂಡೋಸ್ ಒಪ್ಪುವುದಿಲ್ಲ ಎಂಬುದು ಬಹುಮಂದಿಗೆ ತಿಳಿದದ್ದೇ. ಪೆನ್ ಡ್ರೈವಿನ ಹಳೆಯ ಫ್ಯಾಟ್32 ವ್ಯವಸ್ಥೆಯಲ್ಲಿ ನಾಲ್ಕು ಗಿಗಾಬೈಟ್ ತಲುಪಿದ ಯಾವ ಕಡತವೂ ಹಿಡಿಯದು. ಎಷ್ಟು ಸ್ಥಳ ಖಾಲಿಯಿದ್ದರೂ ಸರಿಯೆ. ವಾರ್ಷಿಕೋತ್ಸವದ ಚಲನಚಿತ್ರ ಸಾಗದೆ ನಿಲ್ಲುವುದು ಬಹುಮಟ್ಟಿಗೆ ಇದರಿಂದ.

ಅನುಮತಿಯ ತೊಡಕಿನಲ್ಲಿ ಎರಡು ಮಾತು ಸಾಕು. ಹಂಚಿಕೆಯ ಬಾಗಿಲಿಗೊಂದು ಅನುಮತಿ, ಒಳಗಿನ ಕಡತಕ್ಕೊಂದು ಅನುಮತಿ. ಎರಡರಲ್ಲಿ ಬಿಗಿಯಾದುದೇ ನಡೆಯುತ್ತದೆ. ವಿಂಡೋಸಿನಲ್ಲಿ ಒಂದೇ ಡಿಸ್ಕಿನೊಳಗೆ ಸ್ಥಳಾಂತರಿಸಿದ ಕಡತವು ತನ್ನ ಹಳೆಯ ಅನುಮತಿಯನ್ನು ಹೊತ್ತುಕೊಂಡೇ ಹೋಗುತ್ತದೆ, ನಕಲು ಮಾಡಿದ ಕಡತವು ಹೊಸ ಫೋಲ್ಡರಿನ ಅನುಮತಿಯನ್ನು ಪಡೆಯುತ್ತದೆ. ಮುಖ್ಯೋಪಾಧ್ಯಾಯರು ಎಲ್ಲರ ಉಪಯೋಗಕ್ಕೆಂದು ಸರಿಸಿಟ್ಟ ಸುತ್ತೋಲೆಯನ್ನು ಅಧ್ಯಾಪಕರಾರೂ ತೆರೆಯಲಾರದೆ ಹೋಗುವುದು ಹೀಗೆ. ಬಳಕೆದಾರರ ಹೆಸರುಗಳೆಲ್ಲ ಒಂದೇ ಕೇಂದ್ರದಲ್ಲಿರುವ ದೊಡ್ಡ ಜಾಲಗಳಲ್ಲಿ ಯಂತ್ರದ ಗಡಿಯಾರವು ಐದು ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸವಾದರೂ ಪ್ರವೇಶ ನಿರಾಕೃತವಾಗುವುದುಂಟು. ಹಳೆಯ ಯಂತ್ರದ ಗುಂಡಿಯಾಕಾರದ ಬ್ಯಾಟರಿ ಸತ್ತಿದ್ದರೆ ಅದನ್ನು ಮೊದಲು ಬದಲಾಯಿಸಬೇಕು. ಹಳೆಯ ಸಂಗ್ರಹಯಂತ್ರಗಳುಳ್ಳವರು ಇನ್ನೊಂದನ್ನೂ ತಿಳಿದಿರಬೇಕು. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಎಂಬ ವಿಧ್ವಂಸಕ ತಂತ್ರಾಂಶವು ಎಸ್‌ಎಂಬಿಯ ಮೊದಲ ಆವೃತ್ತಿಯ ಲೋಪದ ಮೂಲಕ ಜಗತ್ತಿನಾದ್ಯಂತ ಹಬ್ಬಿತು. ಅದೇ ವರ್ಷದ ಕೊನೆಯ ಭಾಗದಿಂದ ಹೊಸದಾಗಿ ಸ್ಥಾಪಿಸಿದ ವಿಂಡೋಸಿನಲ್ಲಿ ಆ ಆವೃತ್ತಿಯನ್ನು ತೆಗೆದಿಡಲಾಯಿತು. 2024ರ ವಿಂಡೋಸ್ 11 ಪರಿಷ್ಕರಣವು ವೃತ್ತಿಪರ ಮತ್ತು ಶೈಕ್ಷಣಿಕ ಆವೃತ್ತಿಗಳಲ್ಲಿ ಪ್ರತಿ ಸಂದೇಶಕ್ಕೂ ಸಹಿ ಇರಬೇಕೆಂದು ವಿಧಿಸಿತು. ನಿನ್ನೆಯವರೆಗೆ ನಡೆಯುತ್ತಿದ್ದ ನಕಲು, ಯಂತ್ರವನ್ನು ಪರಿಷ್ಕರಿಸಿದ ಮರುದಿನವೇ ನಿಂತರೆ ಇಲ್ಲಿಯೇ ಹುಡುಕಬೇಕು. ಹಳೆಯ ಆವೃತ್ತಿಯನ್ನು ಮತ್ತೆ ತೆರೆದುಕೊಳ್ಳುವುದು ಸುಲಭದ ದಾರಿಯಾದರೂ ಕಳ್ಳನಿಗೆ ಹಿತ್ತಿಲ ಬಾಗಿಲು ತೆರೆದಂತೆ. ಸರ್ವರಿನ ತಂತ್ರಾಂಶವನ್ನು ನವೀಕರಿಸುವುದೇ ಯುಕ್ತ.

ಇಷ್ಟರವರೆಗೆ ಹೇಳಿದ್ದೆಲ್ಲ ಕೂಗಿ ಹೇಳುವ ದೋಷಗಳು. ಕೂಗದೆ ಆಗುವ ದೋಷವೇ ನಿಜವಾಗಿ ಭಯಂಕರ. ತಂತಿಯಲ್ಲಿ ಹೋಗುವ ಪ್ರತಿ ಮೂಟೆಗೂ ಪರೀಕ್ಷಾಂಕವೊಂದಿದ್ದು ಕೆಟ್ಟ ಮೂಟೆಯನ್ನು ಎಸೆದು ಮತ್ತೆ ತರಿಸಿಕೊಳ್ಳುವ ವ್ಯವಸ್ಥೆ ಇರುವಾಗ ತಪ್ಪು ಹೇಗೆ ನುಸುಳುತ್ತದೆಂದು ಓದುಗರು ಕೇಳಬಹುದು. ಈಥರ್ನೆಟ್ಟಿನ ಪರೀಕ್ಷಾಂಕ 32 ಬಿಟ್ಟಿನದು, ಬಲವಾದುದೇ. ಆದರೆ ಅದು ಒಂದು ತಂತಿಯ ಎರಡು ತುದಿಗಳ ನಡುವೆ ಮಾತ್ರ ಕಾವಲು. ರೌಟರಿನಂತಹ ಯಂತ್ರದೊಳಗೆ ಅದನ್ನು ಕಳಚಿ ಹೊಸದನ್ನು ತೊಡಿಸಲಾಗುತ್ತದೆ. ಈ ತುದಿಯಿಂದ ಆ ತುದಿಯವರೆಗೆ ಜೊತೆಗಿರುವುದು ಟಿಸಿಪಿ ಎಂಬ ನಿಯಮಾವಳಿಯ 16 ಬಿಟ್ಟಿನ ಮೊತ್ತ. ಅದು ಮುಖ್ಯವಾಗಿ ಕೂಡಿಕೆಯೇ. 12, 34, 56 ಇವುಗಳ ಮೊತ್ತ 102. ಯಾರೋ ಅದಲುಬದಲಾಗಿ 34, 12, 56 ಎಂದು ಇಟ್ಟರೂ ಮೊತ್ತ 102 ಆಗಿಯೇ ಉಳಿಯುತ್ತದೆ. ಕೂಡಿಕೆಗೆ ಕ್ರಮ ತಿಳಿಯದು. 2000ದಲ್ಲಿ ಜೊನಾಥನ್ ಸ್ಟೋನ್ ಮತ್ತು ಕ್ರೇಗ್ ಪಾರ್ಟ್ರಿಜ್ ಎಂಬ ಸಂಶೋಧಕರು ನಿಜವಾದ ಜಾಲಗಳಲ್ಲಿ ಹರಿದ ಮೂಟೆಗಳನ್ನು ಪರೀಕ್ಷಿಸಿ, 1,100ರಿಂದ 32,000 ಮೂಟೆಗಳಿಗೆ ಒಂದರಂತೆ ಈ ಮೊತ್ತ ಹೊಂದುತ್ತಿರಲಿಲ್ಲವೆಂದು ಕಂಡುಕೊಂಡರು. ತಂತಿಯ ಕಾವಲು ಸರಿಯೆಂದು ಬಿಟ್ಟಿದ್ದ ಮೂಟೆಗಳೇ ಅವು. ಯಂತ್ರಗಳ ಸ್ಮೃತಿಯಲ್ಲಿ, ಜಾಲಪತ್ರಗಳಲ್ಲಿ, ತಂತ್ರಾಂಶಗಳಲ್ಲಿ ದೋಷವಿತ್ತು, ತಂತಿ ನಿರಪರಾಧಿ. ಮೊತ್ತವೂ ಹಿಡಿಯಲಾರದೆ ಹೋಗುವ ತಪ್ಪು ಒಂದು ಕೋಟಿ ಅರವತ್ತು ಲಕ್ಷದಿಂದ ಸಾವಿರ ಕೋಟಿ ಮೂಟೆಗಳಿಗೆ ಒಂದಿರಬಹುದೆಂದು ಅವರು ಅಂದಾಜು ಮಾಡಿದರು. ಈ ಸಂಖ್ಯೆ ದೂರದ್ದೆನಿಸಬಹುದು. ಆದರೆ 1500 ಬೈಟುಗಳ ಲೆಕ್ಕದಲ್ಲಿ ಒಂದು ಕೋಟಿ ಅರವತ್ತು ಲಕ್ಷ ಮೂಟೆಗಳೆಂದರೆ ಸುಮಾರು 24 ಗಿಗಾಬೈಟ್ ಮಾತ್ರ. ಸ್ಕ್ಯಾನ್ ಮಾಡಿದ ಕೆಲವು ಪುಸ್ತಕಗಳಷ್ಟು. ಮೇಲೆ ಹೇಳಿದ ಸಹಿಯ ವಿಧಾನವು ವಂಚನೆಯನ್ನು ತಡೆಯಲು ಹುಟ್ಟಿದ್ದಾದರೂ, ದಾರಿಯಲ್ಲಿ ಕೆಟ್ಟ ಮೂಟೆಯನ್ನೂ ಹಿಡಿದುಹಾಕುವುದು ಅದರ ಅನುಷಂಗಿಕ ಲಾಭ.

ಈಗ ಆ ಬೂದುಬಣ್ಣದ ಪುಟಕ್ಕೆ ಬರೋಣ. ಅಲ್ಲಿ ಜಾಲದ ತಪ್ಪೇನೂ ಇರಲಿಲ್ಲವೆಂದು ಬಹಳ ತಡವಾಗಿ ತಿಳಿಯಿತು. ಸರ್ವರ್ ಒಂದು ಕಡತವನ್ನು ಸ್ವೀಕರಿಸಿ ‘ಬರೆದೆ’ ಎಂದಾಗ, ಅಕ್ಷರಗಳು ಡಿಸ್ಕಿನ ಮೇಲೆ ಮೂಡಿವೆಯೆಂದು ಅರ್ಥವಲ್ಲ. ಅವು ಸ್ಮೃತಿಯಲ್ಲಿವೆ, ಬಿಡುವಾದಾಗ ಡಿಸ್ಕಿಗೆ ಇಳಿಯುತ್ತವೆ. ಲಿನಕ್ಸಿನ ಸಾಮಾನ್ಯ ಏರ್ಪಾಡಿನಲ್ಲಿ ಅರ್ಧ ನಿಮಿಷದವರೆಗೆ ಹೀಗೆ ಕಾಯುವುದುಂಟು. ಅಂದು ಸಂಜೆ ವಿದ್ಯುತ್ತು ಹೋಯಿತು. ಸರ್ವರಿಗೆ ಯುಪಿಎಸ್ ಇತ್ತು, ಅದರ ಬ್ಯಾಟರಿ ಸತ್ತು ಎಷ್ಟು ದಿನವಾಗಿತ್ತೋ ಯಾರಿಗೂ ಗೊತ್ತಿರಲಿಲ್ಲ. ಕೊನೆಯ ಅರ್ಧ ನಿಮಿಷದಲ್ಲಿ ‘ಬರೆದೆ’ ಎನಿಸಿಕೊಂಡ ಪುಟಗಳ ಹೆಸರು, ಗಾತ್ರ, ಕಾಲ ಇವು ಡಿಸ್ಕಿನ ಪಟ್ಟಿಯಲ್ಲಿ ಉಳಿದವು. ಒಳಗಿನ ಅಕ್ಷರಗಳು ಪೂರ್ತಿಯಾಗಿಯೋ ಅರ್ಧವಾಗಿಯೋ ಹೋದವು. ಹೋದ ಜಾಗದಲ್ಲಿ ಸೊನ್ನೆಗಳು ನಿಂತವು. ಅಂತಹ ಚಿತ್ರವನ್ನು ತೆರೆದರೆ ಉಳಿದಷ್ಟು ಭಾಗ ಕಂಡು ಮಿಕ್ಕದ್ದು ಬೂದುಬಣ್ಣವಾಗಿ ತೋರುತ್ತದೆ.

ನಕಲು ಮಾಡಿದ್ದರೆ ಮೂಲವಾದರೂ ಉಳಿಯುತ್ತಿತ್ತು. ನಾವು ಮಾಡಿಸಿದ್ದು ಸ್ಥಳಾಂತರ. ಒಂದು ಯಂತ್ರದಿಂದ ಇನ್ನೊಂದಕ್ಕೆ ಸ್ಥಳಾಂತರವೆಂದರೆ ನಕಲು ಮಾಡಿ, ಸರ್ವರಿನ ಮಾತನ್ನು ನಂಬಿ, ಮೂಲವನ್ನು ಅಳಿಸುವುದು. ಹಳೆಯ ವಿದ್ಯಾರ್ಥಿಯ ಪುಟವು ವಿದ್ಯುತ್ತು ಹೋದ ಕ್ಷಣದಲ್ಲಿ ದಾರಿಯಲ್ಲಿದ್ದ ಪುಟ. ಅದರ ಮೂಲವು ಇನ್ನೂ ಅಳಿದಿರಲಿಲ್ಲ. ಮರುದಿನ ಕೆಲಸ ಮುಂದುವರಿಸಿದಾಗ ‘ಈ ಹೆಸರಿನ ಕಡತ ಅಲ್ಲಿ ಇದೆ, ಬದಲಾಯಿಸಲೆ?’ ಎಂದು ಯಂತ್ರವು ಕೇಳಿತು. ವಿಂಡೋಸ್ ನಕಲಿನ ಆರಂಭದಲ್ಲಿಯೇ ಆ ಕಡೆಯ ಕಡತಕ್ಕೆ ಪೂರ್ಣ ಗಾತ್ರವನ್ನು ಗೊತ್ತುಮಾಡಿಬಿಡುವುದರಿಂದ, ಅರ್ಧಕ್ಕೆ ನಿಂತದ್ದೂ ಪೂರ್ಣದಂತೆಯೇ ಕಾಣುತ್ತದೆ. ಗಾತ್ರ ಒಂದೇ ಆಗಿದ್ದುದನ್ನು ಕಂಡು ನಮ್ಮ ಹುಡುಗನು ‘ಬಿಡು’ ಎಂಬುದನ್ನು ಒತ್ತಿ, ಮಿಗಿಲಾಗಿ ಉಳಿದಿದ್ದ ಫೋಲ್ಡರನ್ನು ಶುಚಿ ಮಾಡಿದನು. ಅವನನ್ನು ನಾನು ದೂಷಿಸಲಾರೆ. ಹಾಗೆ ಕೇಳಿದರೆ ಏನು ಮಾಡಬೇಕೆಂದು ಅವನಿಗೆ ಹೇಳಿಕೊಟ್ಟವರು ಯಾರು?

ಆದುದರಿಂದ ನಾನು ಈಗ ಅನುಸರಿಸುವ ಕ್ರಮವನ್ನು ಹೇಳುತ್ತೇನೆ. ಬೆಲೆಯುಳ್ಳ ಕಡತಗಳನ್ನು ಎಂದಿಗೂ ಸ್ಥಳಾಂತರಿಸುವುದಿಲ್ಲ. ನಕಲಿಗೆ ಮೊದಲೇ ಮೂಲದಲ್ಲಿ ಪ್ರತಿ ಕಡತಕ್ಕೂ ಮುದ್ರಾಂಕವೊಂದನ್ನು ಲೆಕ್ಕಹಾಕಿಸಿ ಪಟ್ಟಿ ಮಾಡಿಡುತ್ತೇನೆ. ಇದಕ್ಕೆ ಶಾ-256 ಎಂಬ ವಿಧಾನ ಪ್ರಸಿದ್ಧ. ಕಡತವು ಎಷ್ಟೇ ದೊಡ್ಡದಾಗಿರಲಿ, ಅದರ ಸಮಸ್ತ ಬೈಟುಗಳನ್ನೂ ಕ್ರಮವಾಗಿ ಅರೆದು 64 ಷೋಡಶಮಾನ ಅಂಕಿಗಳ ಒಂದು ಸಂಖ್ಯೆಯನ್ನು ಅದು ಕೊಡುತ್ತದೆ. ಒಂದೇ ಒಂದು ಬಿಟ್ಟು ಬದಲಾದರೂ, ಎರಡು ಬೈಟುಗಳು ಅದಲುಬದಲಾದರೂ ಆ ಸಂಖ್ಯೆ ಗುರುತು ಸಿಗದಷ್ಟು ಬೇರೆಯಾಗುತ್ತದೆ. 1991ರಲ್ಲಿ ರಾನ್ ರಿವೆಸ್ಟ್ ರೂಪಿಸಿದ ಎಂಡಿ5 ಎಂಬ ಹಳೆಯ ವಿಧಾನವನ್ನು ಬೇಕೆಂದೇ ವಂಚಿಸಬಹುದೆಂದು 2004ರಲ್ಲಿ ಸಿದ್ಧವಾಗಿದ್ದರೂ, ಆಕಸ್ಮಿಕ ದೋಷವನ್ನು ಹಿಡಿಯಲು ಅದೂ ಸಾಲುತ್ತದೆ. ವಿಂಡೋಸಿನಲ್ಲಿ ‘ಸರ್ಟ್‌ಯುಟಿಲ್’, ಲಿನಕ್ಸಿನಲ್ಲಿ ‘ಶಾ256ಸಮ್’ ಎಂಬ ಆದೇಶಗಳು ಇದಕ್ಕೆ ಇವೆ, ಹಣ ಕೊಡಬೇಕಾಗಿಲ್ಲ.

ನಕಲಾದ ಮೇಲೆ ಸರ್ವರಿನಲ್ಲಿಯೂ ಅದೇ ಲೆಕ್ಕವನ್ನು ಮಾಡಿಸಿ ಎರಡು ಪಟ್ಟಿಗಳನ್ನು ಹೋಲಿಸಬೇಕು. ಇಲ್ಲೊಂದು ಎಚ್ಚರಿಕೆ ಅಗತ್ಯ. ನಕಲು ಮುಗಿದ ಕೂಡಲೇ ಓದಿದರೆ ಸರ್ವರ್ ತನ್ನ ಸ್ಮೃತಿಯಿಂದಲೇ ಓದಿ ಹೇಳೀತು. ಡಿಸ್ಕಿನ ಮೇಲಿರುವುದೇನೆಂಬುದು ಅದರಿಂದ ಗೊತ್ತಾಗದು. ಪಾಠವನ್ನು ಕೇಳಿದ ಮರುಕ್ಷಣವೇ ಒಪ್ಪಿಸುವ ವಿದ್ಯಾರ್ಥಿಯನ್ನು ನಂಬದೆ ಮರುದಿನ ಕೇಳುವುದು ಅಧ್ಯಾಪಕರ ರೂಢಿಯಲ್ಲವೆ? ಸರ್ವರನ್ನು ಕ್ರಮವಾಗಿ ಆರಿಸಿ ಹೊತ್ತಿಸಿದ ಮೇಲೆ ಪರೀಕ್ಷೆ ನಡೆಸುತ್ತೇನೆ. ಮೂಲವನ್ನು ಅಳಿಸುವುದು ಅದರ ತರುವಾಯ, ಮತ್ತೊಂದು ಸ್ಥಳದಲ್ಲಿ ಇನ್ನೊಂದು ಪ್ರತಿ ಸಿದ್ಧವಾದ ಬಳಿಕ.

ಬಹಳ ಕಡತಗಳಿದ್ದಾಗ ಎಳೆದು ಬಿಡುವ ವಿಧಾನಕ್ಕಿಂತ ವಿಂಡೋಸಿನ ‘ರೋಬೋಕಾಪಿ’ ಅಥವಾ 1996ರಲ್ಲಿ ಟ್ರಿಜೆಲ್ ಮತ್ತು ಪಾಲ್ ಮೆಕೆರಸ್ ರಚಿಸಿದ ‘ಆರ್‌ಸಿಂಕ್’ ಉತ್ತಮ. ಎಲ್ಲಿ ನಿಂತಿತೋ ಅಲ್ಲಿಂದ ಮುಂದುವರಿಯುತ್ತವೆ, ವರದಿಯನ್ನೂ ಬರೆಯುತ್ತವೆ. ಆದರೆ ಕಡತದ ಗಾತ್ರವೂ ಕಾಲವೂ ಒಂದೇ ಇದ್ದರೆ ಎರಡೂ ಅದನ್ನು ಒಳಗೆ ನೋಡದೆ ಬಿಟ್ಟು ಮುಂದೆ ಹೋಗುತ್ತವೆ. ನಮ್ಮ ಸೊನ್ನೆಗಳ ಪುಟಗಳನ್ನು ಇವೂ ಸರಿಯೆಂದೇ ಹೇಳುತ್ತಿದ್ದವು. ಆರ್‌ಸಿಂಕಿಗೆ ‘ಚೆಕ್‌ಸಮ್’ ಎಂಬ ಆಯ್ಕೆಯನ್ನು ಕೊಟ್ಟರೆ ಮಾತ್ರ ಒಳಗನ್ನೂ ಹೋಲಿಸುತ್ತದೆ. ರೋಬೋಕಾಪಿಯದು ಇನ್ನೊಂದು ಸ್ವಭಾವ. ಒಂದು ಕಡತ ತಪ್ಪಿದರೆ, ನಾವು ಬೇರೆ ಹೇಳದಿದ್ದಲ್ಲಿ, ಮೂವತ್ತು ಸೆಕೆಂಡಿಗೊಮ್ಮೆಯಂತೆ ಹತ್ತು ಲಕ್ಷ ಸಲ ಪ್ರಯತ್ನಿಸುತ್ತದೆ. ಲೆಕ್ಕ ಹಾಕಿದರೆ ಅದು 347 ದಿನಗಳಾಗುತ್ತದೆ. ಯಾರೋ ತೆರೆದಿಟ್ಟುಕೊಂಡ ಒಂದು ಅಂಕಪಟ್ಟಿಗಾಗಿ ಒಂದು ರಾತ್ರಿಯೆಲ್ಲ ಕಾಯುತ್ತಾ ನಿಂತಿದ್ದ ಯಂತ್ರವನ್ನು ಬೆಳಗ್ಗೆ ಕಂಡ ಮೇಲೆ, ಮೂರು ಸಲ, ಐದು ಸೆಕೆಂಡು ಎಂದು ಮಿತಿ ಹಾಕುವುದನ್ನು ನಾನು ಮರೆತಿಲ್ಲ. ಕೆಲಸ ಮುಗಿದಾಗ ಅದು ಕೊಡುವ ಸಂಖ್ಯೆ ಎಂಟಕ್ಕಿಂತ ಕಡಿಮೆಯಿದ್ದರೆ ಸೋಲಿಲ್ಲ, ಎಂಟು ಅಥವಾ ಮೇಲಿದ್ದರೆ ಯಾವುದೋ ಕಡತ ಉಳಿದಿದೆ.

ಹಳೆಯ ವಿದ್ಯಾರ್ಥಿಯ ಜನ್ಮದಿನಾಂಕವು ಕೊನೆಗೆ ಸಿಕ್ಕಿತು. ಶಾಲೆ ಬಿಟ್ಟ ವರ್ಷದ ವರ್ಗಾವಣೆ ಪತ್ರಗಳ ಪ್ರತಿಪುಸ್ತಕವೊಂದು ಬೇರೆ ಕಪಾಟಿನಲ್ಲಿದ್ದುದರಿಂದ ಗೆದ್ದಲಿನ ಬಾಯಿಗೆ ಬಿದ್ದಿರಲಿಲ್ಲ. ಅದೇ ಅರ್ಧ ನಿಮಿಷದಲ್ಲಿ ಹೋದ ಇತರ ಪುಟಗಳಲ್ಲಿ ಕೆಲವಕ್ಕೆ ಅಂತಹ ಆಧಾರ ದೊರೆತಿದೆ, ಕೆಲವಕ್ಕೆ ದೊರೆತಿಲ್ಲ. ಬೂದುಬಣ್ಣದ ಆ ಚಿತ್ರವನ್ನು ನಾವು ಅಳಿಸಲಿಲ್ಲ. ಅದರ ಪಕ್ಕದಲ್ಲಿ ಪ್ರತಿಪುಸ್ತಕದ ಹಾಳೆಯ ಚಿತ್ರವನ್ನೂ, ಎರಡರ ಮುದ್ರಾಂಕಗಳನ್ನೂ, ಏನಾಯಿತೆಂಬ ಒಂದು ಟಿಪ್ಪಣಿಯನ್ನೂ ಇರಿಸಿದ್ದೇವೆ. ಯುಪಿಎಸ್ಸಿನ ಮೈಮೇಲೆ ಬ್ಯಾಟರಿ ಹಾಕಿದ ದಿನಾಂಕವನ್ನು ಬಿಳಿಯ ಬಣ್ಣದಲ್ಲಿ ದೊಡ್ಡದಾಗಿ ಬರೆಸಲಾಗಿದೆ.